ಬಿಲ್ಲೆಯ ಬೆನ್ನು

ನನಗೊಂದು ಹುಚ್ಚಿದೆ, ಆಫೀಸಿನಲ್ಲಿ ಹೇಳಿಕೊಳ್ಳೋಕೆ ಆಗದಂಥದ್ದು. ಪೊಲೀಸರ ಸಮವಸ್ತ್ರದ ತೋಳಿಗೆ ಹೊಲಿದ ಬಟ್ಟೆ ಬಿಲ್ಲೆ ಇರುತ್ತಲ್ಲ, ಪ್ಯಾಚ್ ಅಂತೀವಿ, ಅದನ್ನ ಗುರುತು ಹಿಡಿಯೋದು. ಅದರಲ್ಲೂ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಅಂತ ಬೇರೆ ದೇಶಕ್ಕೆ ಹೋಗಿಬಂದ ಪೊಲೀಸರದ್ದು. ನೀಲಿ ಟೋಪಿ ಹಾಕಿಕೊಂಡು ಸೈನಿಕರು ಹೋಗೋದು ಎಲ್ಲರಿಗೂ ಗೊತ್ತು. ಪೊಲೀಸರೂ ಹೋಗ್ತಾರೆ ಅಂದ್ರೆ ಸುಬ್ರಹ್ಮಣ್ಯಪುರದ ನಮ್ಮ ಟೀ ಅಂಗಡಿಯಲ್ಲಿ ಯಾರೂ ನಂಬಲ್ಲ. "ಅಲ್ಲಿ ಯಾರಿಗೆ ಹೆಲ್ಮೆಟ್ ಫೈನ್ ಹಾಕ್ತಾರೆ ಸಾರ್?" ಅಂತ ಒಬ್ಬರು ಕೇಳಿದ್ರು.

ಹೋಗೋಕೆ ಶುರುವಾಗಿ ಅರವತ್ತು ವರ್ಷದ ಮೇಲಾಯ್ತು. 1960ರಲ್ಲಿ ಕಾಂಗೋಗೆ ಘಾನಾದ ಪೊಲೀಸರು ಹೋದರು. 1964ರಲ್ಲಿ ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಹೊಡೆದಾಟ ಹತ್ತಿದಾಗ ಆಸ್ಟ್ರೇಲಿಯಾ, ಆಸ್ಟ್ರಿಯಾ, ಡೆನ್ಮಾರ್ಕ್, ನ್ಯೂಜಿಲೆಂಡ್, ಸ್ವೀಡನ್ ಪೊಲೀಸರು ಅಲ್ಲಿಗಿಳಿದರು. ಅದೇ ವರ್ಷ ಜುಲೈನಲ್ಲಿ ಆ ಇಡೀ ಪಡೆಯ ಕಮಾಂಡರ್ ಆಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿಸೈಡ್' ಎಷ್ಟೋ ಕಾಲ ಆರ್‌ಟಿಓ ಆಫೀಸಾಗಿತ್ತು, 2021ರಲ್ಲಿ ಮ್ಯೂಸಿಯಂ ಆಯಿತು. ಎಲ್‌ಎಲ್‌ಆರ್ ಮಾಡಿಸೋಕೆ ಆ ಮೆಟ್ಟಿಲು ಹತ್ತಿದವರಲ್ಲಿ ಎಷ್ಟು ಜನಕ್ಕೆ ಅದು ಯಾರ ಮನೆ ಅಂತ ಗೊತ್ತಿತ್ತೋ!

ಇರಲಿ, ಬಿಲ್ಲೆಗೆ ಬರೋಣ. ಈ ಕೆಲಸಕ್ಕೆ ಹೋದ ಪೊಲೀಸಿನವನು ತನ್ನ ದೇಶದ ಸಮವಸ್ತ್ರವನ್ನೇ ಹಾಕಬೇಕು. ನಮ್ಮವರಿಗೆ ಅದೇ ಖಾಕಿ. ಅದರ ಮೇಲೆ ನೀಲಿ ಟೋಪಿ, ವಿಶ್ವಸಂಸ್ಥೆಯ ಬಿಲ್ಲೆ, ತನ್ನ ದೇಶದ ಬಾವುಟ. ಗುರುತು ಹಿಡಿಯೋಕೆ ಮೊದಲು ನೋಡೋದು ಅಕ್ಷರ. 'ಸಿವ್‌ಪೋಲ್' ಅಂತಿದ್ರೆ ಹಳೇದು, 'ಯುಎನ್‌ಪೋಲ್' ಅಂತಿದ್ರೆ ಈಚಿನದು, 2000ರ ದಶಕದ ನಡುವಿನಿಂದ ಬಂದ ಹೆಸರದು. 'ಐಪಿಟಿಎಫ್' ಅಂತಿದ್ರೆ ಬೋಸ್ನಿಯಾ, 2002ರ ಕೊನೆಗೆ ಮುಗೀತು. 'ಅನ್ಮಿಕ್ ಪೊಲೀಸ್' ಅಂದ್ರೆ ಕೊಸೊವೊ. 1999ರಿಂದ 2008ರ ಕೊನೆಯವರೆಗೆ ಅಲ್ಲಿ ವಿಶ್ವಸಂಸ್ಥೆಯ ಪೊಲೀಸರೇ ಕಳ್ಳರನ್ನ ಹಿಡಿದರು, ಟ್ರಾಫಿಕ್ಕೂ ನೋಡಿದರು. ಟೀ ಅಂಗಡಿಯವರ ಹೆಲ್ಮೆಟ್ ಪ್ರಶ್ನೆಗೆ ಉತ್ತರ ಅಲ್ಲಿದೆ. ಆಮೇಲೆ ಆ ಕೆಲಸ ಯೂರೋಪಿಯನ್ ಯೂನಿಯನ್ನಿನ ಪಡೆಗೆ ಹೋಯಿತು.

ಕೊಸೊವೊಗೆ ಒಂದೇ ಕಾಲಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹೋಗಿದ್ದರಿಂದ ಅದರ ಬಿಲ್ಲೆ ಸಂಗ್ರಹಕಾರರಿಗೆ ಸಸ್ತಾ. ಸಿಗದೇ ಇರೋದು ಚಿಕ್ಕ ಪಡೆಗಳದ್ದು. ಕ್ರೊಯೇಷಿಯಾದ ಡ್ಯಾನ್ಯೂಬ್ ದಂಡೆಯಲ್ಲಿ 1998ರ ಜನವರಿಯಿಂದ ಅಕ್ಟೋಬರ್‌ವರೆಗೆ, ಬರೀ ಒಂಬತ್ತು ತಿಂಗಳು, ಒಂದು ಪೊಲೀಸ್ ಪಡೆಯಿತ್ತು: ಯುಎನ್‌ಪಿಎಸ್‌ಜಿ. ಮಂಜೂರಾಗಿದ್ದ ಪೊಲೀಸರು 180. ನಮ್ಮೂರ ಜಾತ್ರೆಯ ಬಂದೋಬಸ್ತಿಗೂ ಅದಕ್ಕಿಂತ ಹೆಚ್ಚು ಜನ ಬೇಕಾಗುತ್ತೆ.

ಅಸಲಿ, ನಕಲಿ ಅನ್ನೋದು ಇಲ್ಲಿ ಸುಲಭದ ಮಾತಲ್ಲ. ಲಾಂಛನದ ಭೂಪಟದಲ್ಲಿ ಉತ್ತರ ಧ್ರುವ ನಡುವಿರಬೇಕು, ಸುತ್ತ ಐದು ವೃತ್ತ ಇರಬೇಕು. ನಾನು ಎಣಿಸ್ತೀನಿ. ಆದರೆ ಅಷ್ಟು ಸಣ್ಣ ಜಾಗದಲ್ಲಿ ಅಸಲಿಯಲ್ಲೂ ದಾರ ಒಂದಕ್ಕೊಂದು ಅಂಟಿಕೊಂಡಿರುತ್ತೆ. ನೇರಳೆ ಬೆಳಕಿನ ಟಾರ್ಚ್ ಹಿಡಿದು ದಾರ ಹೊಳೆಯುತ್ತಾ ಅಂತ ನೋಡುವವರಿದ್ದಾರೆ. ಎರಡನೇ ಮಹಾಯುದ್ಧದ ಬಿಲ್ಲೆಗೆ ಅದು ಸರಿ, ತೊಂಬತ್ತರ ದಶಕದ್ದಕ್ಕೆ ಏನೂ ಪ್ರಯೋಜನವಿಲ್ಲ, ಅಸಲಿಯೂ ಹೊಳೆಯುತ್ತೆ. ಮೇಲಾಗಿ ತುಕಡಿಗಳು ಎಷ್ಟೋ ಸಲ ತಮ್ಮ ಬಿಲ್ಲೆಯನ್ನ ತಮ್ಮೂರ ಟೈಲರ್ ಹತ್ತಿರವೇ ಮಾಡಿಸಿಕೊಳ್ತವೆ. ಲೈಬೀರಿಯಾಗೆ 2007ರ ಜನವರಿಯಲ್ಲಿ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳ ತುಕಡಿ ಹೋಯಿತಲ್ಲ, ವಿಶ್ವಸಂಸ್ಥೆಯ ಮೊದಲ ಮಹಿಳಾ ಪೊಲೀಸ್ ತುಕಡಿ, 2016ರವರೆಗೂ ಒಂದರ ನಂತರ ಒಂದು ತಂಡ ಹೋಗ್ತಾನೇ ಇತ್ತು. ಅಂಥ ಕಡೆ ಒಂದು ತಂಡದ ಹೊಲಿಗೆ ಇನ್ನೊಂದರ ಹಾಗೆ ಇರಬೇಕು ಅಂತ ಯಾವ ಕಾನೂನೂ ಇಲ್ಲ. ಅಸಲಿ ಹೊಲಿದ ಮಷೀನಿನಲ್ಲೇ ನಕಲಿಯನ್ನೂ ಹೊಲಿಯಬಹುದು.

ಅದಕ್ಕೇ ನಾನು ಮೊದಲು ತಿರುಗಿಸಿ ನೋಡೋದು. ಇದು ಅಜ್ಜಿಯ ಪಾಠ. ರಾಣೆಬೆನ್ನೂರು ಕಡೆಯ ನಮ್ಮೂರಲ್ಲಿ ಯಾರಾದ್ರೂ ಕೌದಿ ತೋರಿಸಿದ್ರೆ ಅಜ್ಜಿ ಮೇಲಿನ ಬಣ್ಣ ನೋಡ್ತಿರಲಿಲ್ಲ, ಮಗುಚಿ ಹಾಕಿ ಹೊಲಿಗೆ ನೋಡ್ತಿದ್ದಳು. ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಮಷೀನು ಒಂದು ಅಕ್ಷರ ಮುಗಿಸಿ ಇನ್ನೊಂದಕ್ಕೆ ಹಾರುವಾಗ ಹಿಂದೆ ದಾರ ಎಳೆದುಕೊಂಡು ಹೋಗುತ್ತೆ. ಒಂದೇ ಫೈಲಿನಿಂದ ಬಂದ ಎರಡು ಬಿಲ್ಲೆಗಳಲ್ಲಿ ಆ ಹಾರಿಕೆ ಒಂದೇ ಕಡೆ ಇರುತ್ತೆ. ಮೇಲೆ ಎಷ್ಟೇ ಒಂದೇ ಥರ ಕಂಡರೂ, ಬೇರೆ ಫೈಲಾಗಿದ್ದರೆ ಬೆನ್ನು ಹೇಳಿಬಿಡುತ್ತೆ. ದಿನವಿಡೀ ಎರಡು ವರ್ಷನ್ ಕೋಡ್ ಪಕ್ಕಪಕ್ಕ ಇಟ್ಟು ನೋಡುವವನಿಗೆ ಇದೇನು ಹೊಸ ಕೆಲಸವಲ್ಲ.

ಹೋದ ವರ್ಷ ಕೆಳಮನೆಯ ಓನರ್ ಆಂಟಿ ಒಂದು ಬಿಸ್ಕತ್ ಡಬ್ಬಿ ಹಿಡಕೊಂಡು ಮೇಲೆ ಬಂದ್ರು. ಅಂಕಲ್ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದವರು, ತೀರಿಕೊಂಡು ನಾಲ್ಕು ವರ್ಷ. ಇಂಗ್ಲಿಷ್ ಪರೀಕ್ಷೆ, ಗುಂಡು ಹೊಡೆಯೋ ಪರೀಕ್ಷೆ, ಜೀಪು ಓಡಿಸೋ ಪರೀಕ್ಷೆ ಎಲ್ಲಾ ಪಾಸಾಗಿ 2001ರಲ್ಲಿ ಒಂದು ವರ್ಷ ಕೊಸೊವೊದಲ್ಲಿ ಇದ್ದುಬಂದವರು. ಡಬ್ಬಿಯಲ್ಲಿ ಹನ್ನೊಂದು ಬಿಲ್ಲೆ. ಅಲ್ಲಿ ಪೊಲೀಸರು ಒಬ್ಬರಿಗೊಬ್ಬರು ಬಿಲ್ಲೆ ಬದಲಾಯಿಸಿಕೊಳ್ಳೋದು ರೂಢಿ, ಹಾಗಾಗಿ ಜರ್ಮನಿಯದ್ದು, ಜೋರ್ಡಾನಿನದ್ದು, ಘಾನಾದ್ದು ಎಲ್ಲಾ ಇತ್ತು. ಅನ್ಮಿಕ್‌ದೇ ಮೂರು.

"ನೋಡಪ್ಪ, ಇದರಲ್ಲಿ ನಮ್ಮನೆಯವರು ಹಾಕ್ಕೊಂಡಿದ್ದು ಯಾವುದು ಹೇಳು. ಫೋಟೋ ಜೊತೆ ಕಟ್ಟು ಹಾಕಿಸ್ಬೇಕು" ಅಂದ್ರು. ಇದ್ದ ಒಂದೇ ಫೋಟೋದಲ್ಲಿ ಅಂಕಲ್ ಹಿಮದಲ್ಲಿ ನಿಂತಿದ್ದಾರೆ, ಮೇಲೆ ದಪ್ಪ ಜಾಕೆಟ್ಟು, ತೋಳು ಜೀಪಿನ ಆಚೆ.

ಹನ್ನೊಂದರಲ್ಲಿ ಒಂದು ಯುಎನ್‌ಪಿಎಸ್‌ಜಿ ಇತ್ತು. ನನ್ನ ಕೈ ಸ್ವಲ್ಪ ನಡುಗಿದ್ದು ನಿಜ. ಕ್ರೊಯೇಷಿಯಾ ಮುಗಿಸಿ ಕೊಸೊವೊಗೆ ಬಂದ ಯಾರೋ ಅಂಕಲ್‌ಗೆ ಕೊಟ್ಟಿರಬೇಕು. ಫೋಟೋ ತೆಗೆದು ಪರಿಚಯದ ಯೂರೋಪಿನ ಸಂಗ್ರಹಕಾರರೊಬ್ಬರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಬೆಲೆ ಬಂತು, ಆಂಟಿಯ ಎರಡು ತಿಂಗಳ ಔಷಧಿ ಖರ್ಚಿನಷ್ಟು.

ಆಂಟಿಗೆ ಬೇಕಾಗಿದ್ದು ಅದಲ್ಲ. ಮೂರು ಅನ್ಮಿಕ್ ಬಿಲ್ಲೆಗಳನ್ನ ಬೋರಲು ಹಾಕಿದೆ. ಎರಡರ ಅಂಚಿನಲ್ಲಿ ಒಂದು ತೂತೂ ಇಲ್ಲ, ಸೂಜಿಯನ್ನೇ ಕಂಡವಲ್ಲ. ಮೂರನೆಯದರ ನೀಲಿ ಮಾಸಿತ್ತು, ಸುತ್ತ ತೂತು, ಕಿತ್ತಾಗ ಉಳಿದ ಖಾಕಿ ದಾರದ ತುಣುಕು. ಹೊಲಿಗೆ ಮಷೀನಿನದ್ದಲ್ಲ, ಕೈಯಿಂದ ಹಾಕಿದ್ದು. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ದೂರ, ಎರಡೆರಡು ಹೊಲಿಗೆಗೆ ಒಂದೊಂದು ಗಂಟು. ಒಂದು ಮೂಲೆಯಲ್ಲಿ ಸಣ್ಣದೊಂದು ಕಂದು ಕಲೆ.

ಆಂಟಿ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದ್ರು. "ಇವ್ರಿಗೆ ಗುಂಡಿ ಹಚ್ಚೋಕೂ ಬರ್ತಿರ್ಲಿಲ್ಲ ಕಣಪ್ಪ. ಮೂವತ್ತೊಂದು ವರ್ಷ ನಾನೇ ಹಚ್ಚಿದ್ದು" ಅಂದ್ರು. ಹೆಬ್ಬೆರಳಿನಿಂದ ಗಂಟುಗಳನ್ನ ಒಂದೊಂದಾಗಿ ಮುಟ್ಟಿದ್ರು. "ಅಲ್ಲಿ ಯಾರ್ನ ಕೇಳ್ತಾರೆ, ಪಾಪ. ಖಾಕಿ ದಾರದ ಉಂಡೆ ನಾನೇ ಸೂಟ್‌ಕೇಸಲ್ಲಿ ಇಟ್ಟಿದ್ದೆ." ಆಮೇಲೆ ನಕ್ಕರು. ನಕ್ಕು ಕೆಳಗೆ ಹೋದ್ರು, ಡಬ್ಬಿ ನನ್ನ ಟೇಬಲ್ ಮೇಲೇ ಬಿಟ್ಟು.

ಕಟ್ಟು ಹಾಕಿಸುವಾಗ ಉತ್ತರಹಳ್ಳಿ ರಸ್ತೆಯ ಫ್ರೇಮ್ ಅಂಗಡಿಯವನು ಬಿಲ್ಲೆಯನ್ನ ಸರಿಯಾಗಿಯೇ, ಲಾಂಛನ ಮುಂದೆ ಮಾಡಿ ಇಟ್ಟಿದ್ದ. ಆಂಟಿ ಬಿಚ್ಚಿಸಿ, ಮಗುಚಿ ಹಾಕಿಸಿದ್ರು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಯುಎನ್‌ಪಿಎಸ್‌ಜಿ ಬೆಲೆಯ ವಿಷಯ ಹೇಳಿದಾಗ ಅವರು ಸ್ವಲ್ಪ ಯೋಚಿಸಿ, "ಅದೂ ಯಾರದ್ದೋ ತೋಳಿಂದು ಅಲ್ವಾ? ಅವರ ಮನೇಲೂ ಹುಡುಕ್ತಿದ್ರೆ? ಸಿಕ್ರೆ ಕೊಡು, ಸಿಗ್ಲಿಲ್ಲ ಅಂದ್ರೆ ಆಮೇಲೆ ನೋಡಣ" ಅಂದ್ರು. ಹಾಗಾಗಿ ಸಂಗ್ರಹಕಾರರಿಗೆ ಇನ್ನೂ ಉತ್ತರ ಬರೆದಿಲ್ಲ. ಶನಿವಾರ ರಾತ್ರಿ ಲೆನ್ಸ್ ಹಿಡಿದು ಅದರ ಬೆನ್ನು ನೋಡ್ತಾ ಕೂತಿರ್ತೀನಿ. ಕಡುನೀಲಿ ದಾರ, ಮಷೀನು ಹೊಲಿಗೆ, ಎರಡು ಸಾಲು. ಅಂದ್ರೆ ಕಡುನೀಲಿ ಅಂಗಿಯ ಪೊಲೀಸು ಇರಬಹುದು. ಒಳಗಿನ ಬಟ್ಟೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಎರಡು ಇಂಗ್ಲಿಷ್ ಅಕ್ಷರ, ಒಗೆದು ಒಗೆದು ಅಳಿಸಿದೆ. ಮೊದಲನೆಯದು ಆರ್. ಎರಡನೆಯದು ಓ ಇರಬಹುದು, ಡಿ ಇರಬಹುದು.