ಗುಡ್‌ವುಡ್‌ನ ಹಳೆಯ ಕಾರುಗಳ ಓಟಕ್ಕೆ ಮೊದಲ ಪಯಣ

ಇಂಗ್ಲೆಂಡಿನ ದಕ್ಷಿಣ ಅಂಚಿನಲ್ಲಿ, ಕಡಲಿಗೆ ಹೆಚ್ಚು ದೂರವಿಲ್ಲದ ವೆಸ್ಟ್ ಸಸೆಕ್ಸ್ ಪ್ರಾಂತದಲ್ಲಿ ಚಿಚೆಸ್ಟರ್ ಎಂಬ ಸಣ್ಣ ಊರಿದೆ. ಅಲ್ಲಿಂದ ಐದು ಕಿಲೋಮೀಟರಿನ ಒಳಗೆ, ಸೌತ್ ಡೌನ್ಸ್ ಎಂದು ಕರೆಯುವ ಹಸಿರು ದಿಬ್ಬಗಳ ಬುಡದಲ್ಲಿ, ಗುಡ್‌ವುಡ್ ಎಂಬ ಜಹಗೀರು. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಶುಕ್ರವಾರದಿಂದ ಭಾನುವಾರದವರೆಗೆ ಅಲ್ಲಿ ಹಳೆಯ ಕಾರುಗಳು ಓಡುತ್ತವೆ. ಮೆರವಣಿಗೆಯಲ್ಲ, ಪ್ರದರ್ಶನವೂ ಅಲ್ಲ. ಒಂದನ್ನೊಂದು ಹಿಂದಿಕ್ಕಲು ಹೆಣಗುವ ನಿಜವಾದ ಪಂದ್ಯ. 1948ರಿಂದ 1966ರವರೆಗಿನ ಕಾಲದಲ್ಲಿ ಆ ಹಾದಿಯಲ್ಲಿ ಓಡಿದಂಥ ಬಗೆಯ ವಾಹನಗಳಿಗೆ ಮಾತ್ರ ಅಲ್ಲಿ ಅವಕಾಶ. ನೋಡಲು ಬರುವವರೂ ಆ ಕಾಲದ ಉಡುಪನ್ನೇ ಉಟ್ಟು ಬರುತ್ತಾರೆ. ಇದರ ಹೆಸರು ಗುಡ್‌ವುಡ್ ರಿವೈವಲ್.

ಈ ಊರಿಗೂ ನಮ್ಮ ಹೊಸೂರಿಗೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಇದೆ. ಗುಡ್‌ವುಡ್‌ನ ಪಂದ್ಯದ ಹಾದಿ ತೆರೆದದ್ದು 1948ರ ಸೆಪ್ಟೆಂಬರ್ 18ರಂದು. ಅದೇ ವರ್ಷ ಮದರಾಸಿನಲ್ಲಿ ಅಶೋಕ್ ಮೋಟಾರ್ಸ್ ಎಂಬ ಸಂಸ್ಥೆ ಹುಟ್ಟಿತು. ಇಂಗ್ಲೆಂಡಿನ ಆಸ್ಟಿನ್ ಎ40 ಕಾರನ್ನು ಇಲ್ಲಿ ಜೋಡಿಸುವುದು ಅದರ ಮೊದಲ ಕೆಲಸ. 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು. ಮುಂದೆ ಹೊಸೂರಿಗೂ ಬಂದಿತು. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳ ಅನ್ನ ಆ ಕಾರ್ಖಾನೆಯಿಂದಲೋ ಅದರ ನೆರೆಯ ಕಾರ್ಖಾನೆಗಳಿಂದಲೋ ಬಂದದ್ದು. ನಮ್ಮ ಮಾವನವರೂ ಅಂಥ ಒಂದು ಕಾರ್ಖಾನೆಯಲ್ಲಿ ಎಂಜಿನ್ನುಗಳ ನಡುವೆ ಆಯುಷ್ಯ ಕಳೆದವರು. ಬದುಕಿನಲ್ಲಿ ಒಂದೇ ಒಂದು ದೂರದ ಪಯಣ ಮಾಡುವುದಾದರೆ ತಾಜಮಹಲೂ ಬೇಡ, ಕಾಶಿಯೂ ಆಮೇಲಾಗಲಿ, ಹಳೆಯ ಎಂಜಿನ್ನುಗಳು ಪೂರ್ತಿ ಬಲದಿಂದ ಓಡುವ ಸದ್ದು ಕೇಳಬೇಕು ಎನ್ನುತ್ತಾರೆ. ಅವರ ಮೊಣಕಾಲುಗಳು ಇನ್ನೆಷ್ಟು ವರ್ಷ ಜೊತೆಗೊಡುತ್ತವೆಯೋ ತಿಳಿಯದು. ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿರುವ ಮೊಮ್ಮಗಳೂ ಜೊತೆಗೆ ಬರುವವಳು. ಆದ್ದರಿಂದ ಬರುವ ಸೆಪ್ಟೆಂಬರಿಗೆಂದು ಮನೆಯಲ್ಲಿ ಯೋಜನೆ ನಡೆದಿದೆ. ಆ ಲೆಕ್ಕಾಚಾರ ಬೇರೆ ಮನೆಗಳಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ಗೊಂದಲ ನೀಗಿಸಿಕೊಳ್ಳಬೇಕು. ಗುಡ್‌ವುಡ್‌ನಲ್ಲಿ ಕುದುರೆ ಓಟವಿದೆ. ಬೇಸಿಗೆಯಲ್ಲಿ ಫೆಸ್ಟಿವಲ್ ಆಫ್ ಸ್ಪೀಡ್ ಎಂಬ ದೊಡ್ಡ ಜಾತ್ರೆಯಿದೆ. ಅದು 1993ರಲ್ಲಿ ಆರಂಭವಾದದ್ದು. ಅಲ್ಲಿ ಕಾರುಗಳು ಒಂದೊಂದಾಗಿ ಗುಡ್ಡ ಏರುತ್ತವೆ, ಹೊಸ ಕಾರುಗಳೂ ಇರುತ್ತವೆ. ವಸಂತದಲ್ಲಿ ಸದಸ್ಯರ ಕೂಟವೊಂದು ಬೇರೆ. ನಮಗೆ ಬೇಕಾದದ್ದು ಸೆಪ್ಟೆಂಬರಿನ ರಿವೈವಲ್. ಹೆಸರು ನೋಡದೆ ಟಿಕೆಟ್ ಕೊಂಡರೆ ತೇರಿಗೆಂದು ಹೊರಟು ಸಂತೆಗೆ ಹೋದಂತೆ ಆದೀತು.

ಆ ಹಾದಿಯ ಹಿಂದೆ ಒಂದು ಯುದ್ಧವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ವೆಸ್ಟ್‌ಹ್ಯಾಂಪ್ನೆಟ್ ಎಂಬ ವಾಯುನೆಲೆ. ವಿಮಾನಗಳು ಮೈದಾನದ ಸುತ್ತ ಸಾಗಲೆಂದು ಹಾಕಿದ್ದ ರಸ್ತೆಯೇ ಮುಂದೆ ಪಂದ್ಯದ ಹಾದಿಯಾಯಿತು. ಅದರ ಉದ್ದ ಸುಮಾರು 3.8 ಕಿಲೋಮೀಟರ್. 1931ರಲ್ಲಿ ಅಪಘಾತದಿಂದ ಎರಡೂ ಕಾಲುಗಳನ್ನು ಕಳೆದುಕೊಂಡು, ಲೋಹದ ಕಾಲುಗಳನ್ನು ಕಟ್ಟಿಕೊಂಡು ಮತ್ತೆ ಯುದ್ಧವಿಮಾನ ಹಾರಿಸಿದ ಡಗ್ಲಸ್ ಬೇಡರ್ 1941ರ ಆಗಸ್ಟಿನಲ್ಲಿ ಇಲ್ಲಿಂದಲೇ ಮೇಲೇರಿ ಫ್ರಾನ್ಸಿನ ಮೇಲೆ ಶತ್ರುಗಳ ಕೈಗೆ ಸಿಕ್ಕಿದ. ಅವನ ಪ್ರತಿಮೆ ಅಲ್ಲಿದೆ. ಯುದ್ಧ ಮುಗಿದ ಮೇಲೆ ಜಮೀನಿನ ಒಡೆಯ, ಸ್ವತಃ ಕಾರು ಓಡಿಸುತ್ತಿದ್ದ ಒಂಬತ್ತನೆಯ ಡ್ಯೂಕ್ ಆಫ್ ರಿಚ್ಮಂಡ್, ಅಲ್ಲಿ ಪಂದ್ಯಗಳನ್ನು ಏರ್ಪಡಿಸಿದ. ಮೊದಲ ದಿನವೇ ಗೆದ್ದವರಲ್ಲಿ ಹಿಂದಿನ ದಿನವಷ್ಟೇ ಹತ್ತೊಂಬತ್ತು ತುಂಬಿದ್ದ ಸ್ಟರ್ಲಿಂಗ್ ಮಾಸ್ ಎಂಬ ಹುಡುಗನಿದ್ದ.

ವಾಯುನೆಲೆ ಪಂದ್ಯದ ಬಯಲಾದದ್ದು ನಮ್ಮ ಸೀಮೆಯಲ್ಲೂ ಕಂಡ ಸಂಗತಿಯೇ. ಚೆನ್ನೈಗೆ ಉತ್ತರದ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನದ ಓಡುದಾರಿಯ ಮೇಲೆ ದಶಕಗಳ ಕಾಲ ಕಾರು, ಮೋಟಾರ್ ಸೈಕಲ್ಲುಗಳು ಓಡಿದವು. ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಹಾದಿ ಸಿದ್ಧವಾದ ಮೇಲೆ ಪಂದ್ಯಗಳು ಅಲ್ಲಿಗೆ ಹೋದವು. ಇಲ್ಲಿಯೇ ನನ್ನ ಮೊದಲ ಸಲಹೆಯೂ ಇದೆ. ಲಕ್ಷಗಟ್ಟಲೆ ಹಣ ತೆತ್ತು ಇಂಗ್ಲೆಂಡಿಗೆ ಹೋಗುವ ಮುನ್ನ, ರಾಷ್ಟ್ರಮಟ್ಟದ ಪಂದ್ಯ ನಡೆಯುವ ಒಂದು ಭಾನುವಾರ ಮಕ್ಕಳನ್ನು ಇರುಂಗಾಟ್ಟುಕೋಟ್ಟೈಗೆ ಕರೆದೊಯ್ಯಿರಿ. ಹೊಸೂರಿನಿಂದ ಹೆದ್ದಾರಿಯಲ್ಲಿ ಸುಮಾರು ಐದು ಗಂಟೆಯ ದಾರಿ. ಆ ಸದ್ದನ್ನು ಮಗು ತಾಳುತ್ತದೆಯೋ, ಅರ್ಧ ಗಂಟೆಗೆ ಬೇಸರವಾಗಿ ಮನೆಗೆ ಹೋಗೋಣ ಎನ್ನುತ್ತದೆಯೋ ಅಲ್ಲಿ ತಿಳಿಯುತ್ತದೆ. ತಾಳವಾಡಿ, ನೀಲಗಿರಿ ಕಡೆಯವರಿಗೆ ಕೊಯಮತ್ತೂರಿನ ಜೀಡಿ ಕಾರ್ ಸಂಗ್ರಹಾಲಯ ಹತ್ತಿರ. ಅಲ್ಲಿ ಕಾರುಗಳು ನಿಂತೇ ಇರುತ್ತವೆ, ಆದರೆ ಹತ್ತಿರದಿಂದ ನೋಡಬಹುದು.

ಇನ್ನು ಹಣ ಮತ್ತು ಕಾಗದಪತ್ರಗಳ ಅನುಕ್ರಮ. ಇಲ್ಲಿ ಎಡವಿದರೆ ನಷ್ಟ ದೊಡ್ಡದು. ಪಂದ್ಯದ ಟಿಕೆಟ್ ಮುಂಗಡವಾಗಿಯೇ ಕೊಳ್ಳಬೇಕು; ಬಾಗಿಲಿಗೆ ಹೋಗಿ ಕೊಳ್ಳುತ್ತೇನೆ ಎಂಬುದು ನಡೆಯದು. ಬ್ರಿಟನ್ನಿನ ಪ್ರವಾಸಿ ವೀಸಾಕ್ಕಾದರೋ ಪಯಣದ ದಿನಕ್ಕೆ ಮೂರು ತಿಂಗಳು ಉಳಿದಿರುವಾಗಿನಿಂದ ಮಾತ್ರ ಅರ್ಜಿ ಹಾಕಬಹುದು. ಟಿಕೆಟ್ ಮೊದಲು, ವೀಸಾ ಆಮೇಲೆ ಎಂಬ ಇಕ್ಕಟ್ಟು ಇಲ್ಲಿಯೇ ಹುಟ್ಟುತ್ತದೆ. ನಾವು ಕಂಡುಕೊಂಡ ದಾರಿ ಇದು: ಪಂದ್ಯದ ಟಿಕೆಟ್ಟನ್ನು ಮೊದಲು ಕೊಳ್ಳುವುದು, ಏಕೆಂದರೆ ಒಟ್ಟು ಖರ್ಚಿನಲ್ಲಿ ಅದು ಸಣ್ಣ ಪಾಲು, ರದ್ದು ಮಾಡಲು ಬರುವಂಥ ಕೊಠಡಿಯನ್ನು ಕಾದಿರಿಸುವುದು, ವೀಸಾ ಕೈಗೆ ಬಂದ ಮೇಲೆಯೇ ವಿಮಾನದ ಹಣ ತೆರುವುದು. ವಿಮಾನಕ್ಕೆ ಸ್ವಲ್ಪ ಹೆಚ್ಚು ಬಿದ್ದರೂ ಚಿಂತೆಯಿಲ್ಲ. ವೀಸಾ ಸಿಗದೆ ಮೂವರ ವಿಮಾನದ ಹಣ ಹೋದರೆ ಮಧ್ಯಮ ವರ್ಗದ ಮನೆ ಚೇತರಿಸಿಕೊಳ್ಳಲು ವರ್ಷಗಳು ಬೇಕು.

ಮೂರು ದಿನಕ್ಕೂ ಹೋಗಬೇಕೇ? ನನ್ನ ಅಭಿಪ್ರಾಯದಲ್ಲಿ ಎರಡು ದಿನ ಸಾಕು. ಶುಕ್ರವಾರ ಹೆಚ್ಚಾಗಿ ಅಭ್ಯಾಸ ಮತ್ತು ಅರ್ಹತೆಯ ಸುತ್ತುಗಳು. ಶನಿವಾರ, ಭಾನುವಾರ ಪಂದ್ಯಗಳು. ಮೂರು ದಿನಕ್ಕೆ ಸುಮಾರು ಒಂದೂವರೆ ಲಕ್ಷ ಜನ ಸೇರುವ ಸ್ಥಳವದು. ವಯಸ್ಸಾದವರು ಜೊತೆಗಿದ್ದರೆ ಶುಕ್ರವಾರ ನಿಧಾನವಾಗಿ ಸುತ್ತಾಡಿ ಕಾರುಗಳನ್ನು ಹತ್ತಿರದಿಂದ ನೋಡುವುದು, ಶನಿವಾರ ಬಿಡುವು, ಭಾನುವಾರ ಪಂದ್ಯ ಎಂದು ಹಂಚಿಕೊಳ್ಳಬಹುದು. ಭಾನುವಾರವೇ ಏಕೆಂದರೆ ಒಂದು ಗಂಟೆಯ ಟಿಟಿ ಪಂದ್ಯ ಆ ದಿನದ್ದು. ಫೆರಾರಿ, ಜಾಗ್ವಾರ್ ಇ-ಟೈಪ್, ಎಸಿ ಕೋಬ್ರಾಗಳಂಥ, ಒಂದೊಂದೂ ಕೋಟಿಗಟ್ಟಲೆ ಬೆಲೆ ಬಾಳುವ ಕಾರುಗಳನ್ನು ಇಬ್ಬಿಬ್ಬರು ಚಾಲಕರು ಹಂಚಿಕೊಂಡು, ಬೆಲೆಯನ್ನು ಮರೆತವರಂತೆ ಓಡಿಸುತ್ತಾರೆ. ಆಸನದ ಟಿಕೆಟ್ಟಿಗೆ ಪ್ರತ್ಯೇಕ ಹಣ. ಮಾವನವರಿಗೆ ಅದನ್ನು ಕೊಳ್ಳುವುದೇ ಸರಿ. ನಾವು ಹುಲ್ಲಿನ ಏರಿಯ ಮೇಲೆ ಚಾದರ ಹಾಸಿಕೊಂಡು ಕುಳಿತೇವು.

ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಿಂದ ಚಿಚೆಸ್ಟರಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಆ ವಾರ ಚಿಚೆಸ್ಟರಿನಲ್ಲಿ ಕೊಠಡಿ ಹುಡುಕುವುದು ದಸರೆಯಲ್ಲಿ ಮೈಸೂರಿನಲ್ಲಿ ಹುಡುಕಿದಂತೆ. ಕಡಲ ಅಂಚಿನ ಅದೇ ರೈಲುಮಾರ್ಗದಲ್ಲಿರುವ ಪೋರ್ಟ್ಸ್‌ಮತ್, ವರ್ದಿಂಗ್ ಮುಂತಾದ ಊರುಗಳಲ್ಲಿ ಉಳಿದು ದಿನವೂ ಹೋಗಿ ಬರುವುದು ಸುಲಭ.

ಉಡುಪಿನ ವಿಷಯದಲ್ಲಿ ಅಲ್ಲಿಯವರು ಪಡುವ ಶ್ರಮ ನಮಗಿಲ್ಲ. ಹ್ಯಾಟು, ಹಳೆಯ ಕಾಲದ ಕೋಟು, ಮಡಿಕೆಯ ಲಂಗಗಳನ್ನು ಬಾಡಿಗೆಗೆ ತರುವವರೂ ಉಂಟಂತೆ. 1950ರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ನಮ್ಮ ಹೆಂಗಸರು ಉಟ್ಟದ್ದು ಸೀರೆಯನ್ನೇ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಇಳಕಲ್ಲಿನ ಸೀರೆ ಆ ಕಾಲಕ್ಕೆ ಸಲ್ಲುವ ಉಡುಪು. ಮಾವನವರ ಕರಿಯ ಕೋಟು, ಬಿಳಿಯ ಪಂಚೆಯೂ ಹಾಗೆಯೇ. ಸೀರೆಯ ಕೆಳಗೆ ಮಾತ್ರ ಗಟ್ಟಿ ಬೂಟು ಇರಲಿ. ಸೆಪ್ಟೆಂಬರಿನ ಮಳೆಗೆ ಹುಲ್ಲು ಕೆಸರಾಗುತ್ತದೆ. ಬುತ್ತಿಯ ಬಗ್ಗೆ ಒಂದು ಮಾತು: ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಧಾರವಾಡದ ಪೇಡೆ ಮನೆಯಲ್ಲೇ ಉಳಿಯಬೇಕು. ಪುಳಿಯೋಗರೆಯ ಗೊಜ್ಜಿಗೆ ಅಡ್ಡಿಯಿಲ್ಲ.

ಮಕ್ಕಳಿಗೆ ಅಲ್ಲಿ ಎಲ್ಲಕ್ಕಿಂತ ಪ್ರಿಯವಾಗುವುದು ಸೆಟ್ರಿಂಗ್ಟನ್ ಕಪ್ ಎಂಬ ಪುಟ್ಟ ಪಂದ್ಯ. ಆಸ್ಟಿನ್ ಜೆ40 ಎಂಬ, ಕಾಲಿನಿಂದ ತುಳಿದು ಓಡಿಸುವ ಕಾರುಗಳಲ್ಲಿ ಚಿಕ್ಕ ಮಕ್ಕಳು ಪೈಪೋಟಿ ನಡೆಸುತ್ತಾರೆ. ಬಾವುಟ ಬೀಸಿದೊಡನೆ ಹಾದಿಯನ್ನು ದಾಟಿ ಓಡಿ ಬಂದು, ಕಾರಿಗೆ ಹಾರಿ ಕುಳಿತು ತುಳಿಯತೊಡಗಬೇಕು. ಮದರಾಸಿನಲ್ಲಿ ಜೋಡಿಸುತ್ತಿದ್ದರು ಎಂದೆನಲ್ಲ, ಅದೇ ಆಸ್ಟಿನ್ ಎ40ರ ಮರಿ ಇದು. ನಿಜವಾಗಿ ಉರಿಯುವ ದೀಪ, ಕೂಗುವ ಹಾರ್ನ್ ಎಲ್ಲ ಇದಕ್ಕಿದೆ. ಇದನ್ನು ಮಾಡಿದವರ ಕಥೆಯನ್ನು ಮಗಳಿಗೆ ಹೇಳಿದಾಗ ಅವಳು ಊಟ ಬಿಟ್ಟು ಕೇಳಿದಳು. ದಕ್ಷಿಣ ವೇಲ್ಸಿನ ಬಾರ್ಗೋಡ್ ಎಂಬ ಊರಿನಲ್ಲಿ ಕಲ್ಲಿದ್ದಲ ಗಣಿಗಳಲ್ಲಿ ದುಡಿದು, ದೂಳು ತುಂಬಿ ಶ್ವಾಸಕೋಶ ಕೆಟ್ಟು, ಮತ್ತೆ ಗಣಿಗೆ ಇಳಿಯಲಾರದೆ ಕುಳಿತವರಿದ್ದರು. ಅವರಿಗೆ ಕೆಲಸ ಕೊಡಲೆಂದೇ 1949ರಲ್ಲಿ ಅಲ್ಲಿ ಕಾರ್ಖಾನೆ ತೆರೆದರು. ದೊಡ್ಡ ಕಾರುಗಳ ಕಾರ್ಖಾನೆಯಲ್ಲಿ ಉಳಿದ ತಗಡಿನ ತುಂಡುಗಳಿಂದ ಆ ಮನುಷ್ಯರು 1971ರವರೆಗೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಪುಟ್ಟ ಕಾರುಗಳನ್ನು ಮಾಡಿದರು. ಇಂಗ್ಲಿಷಿನ ಮಗ್ಗುಲಲ್ಲೇ ಬದುಕುವ ವೇಲ್ಸಿನಲ್ಲಿ ಇಂದಿಗೂ ವೆಲ್ಷ್ ಮಾಧ್ಯಮದ ಶಾಲೆಗಳಿವೆ ಎಂಬುದನ್ನೂ ಹೇಳಿದೆ. ಅಲ್ಲಿಯ ಮಕ್ಕಳೂ ನಮ್ಮ ಹಾಗೆ ಎರಡು ಭಾಷೆಯ ನಡುವೆ ಇರುವರೇ ಎಂದು ಕೇಳಿ, ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಹಾದಿಯ ತಿರುವುಗಳ ಹೆಸರುಗಳೂ ಈಗ ಅದರಲ್ಲಿ ಕನ್ನಡದಲ್ಲಿ ಕುಳಿತಿವೆ: ಮ್ಯಾಜ್ವಿಕ್, ಫೋರ್ಡ್‌ವಾಟರ್, ಸೇಂಟ್ ಮೇರೀಸ್, ಲಾವಂಟ್, ವುಡ್‌ಕೋಟ್.

ಆ ಪಟ್ಟಿಯ ಮೂರನೆಯ ಹೆಸರನ್ನು ವಿವರಿಸುವುದು ಸುಲಭವಾಗಿರಲಿಲ್ಲ. ಮೊದಲ ದಿನ ಗೆದ್ದ ಅದೇ ಸ್ಟರ್ಲಿಂಗ್ ಮಾಸ್ 1962ರ ಏಪ್ರಿಲ್ 23ರಂದು ಸೇಂಟ್ ಮೇರೀಸ್ ತಿರುವಿನಲ್ಲಿ ಏರಿಗೆ ಬಡಿದ. ಒಂದು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ. ಬದುಕಿದ, ಆದರೆ ಅಗ್ರಶ್ರೇಣಿಯ ಪಂದ್ಯಗಳ ಬಾಳು ಅಲ್ಲಿಗೆ ಮುಗಿಯಿತು. ಕಾರುಗಳ ವೇಗ ಹಾದಿಯನ್ನು ಮೀರಿ ಬೆಳೆದಾಗ, ಹಾದಿಯನ್ನು ಬದಲಿಸಲು ಒಪ್ಪದೆ ಡ್ಯೂಕ್ 1966ರಲ್ಲಿ ಪಂದ್ಯಗಳನ್ನೇ ನಿಲ್ಲಿಸಿದ. 1970ರಲ್ಲಿ ಪರೀಕ್ಷೆಗೆಂದು ಕಾರು ಓಡಿಸುತ್ತಿದ್ದ ಬ್ರೂಸ್ ಮೆಕ್‌ಲಾರೆನ್ ಅಲ್ಲಿಯೇ ತೀರಿಕೊಂಡ. ಮತ್ತೆ ಪಂದ್ಯ ನಡೆದದ್ದು ಡ್ಯೂಕನ ಮೊಮ್ಮಗನ ಕಾಲಕ್ಕೆ, 1998ರ ಸೆಪ್ಟೆಂಬರ್ 18ರಂದು, ಸರಿಯಾಗಿ ಐವತ್ತು ವರ್ಷಗಳ ಮೇಲೆ. ಕಾರುಗಳು ಹಳೆಯವು, ಹಾದಿಯೂ ಹಳೆಯದು, ಅಪಾಯ ಮಾತ್ರ ಇಂದಿನದೇ. ಇದನ್ನು ಮಕ್ಕಳಿಂದ ಮುಚ್ಚಿಟ್ಟು ಕರೆದೊಯ್ಯುವುದು ನನಗೆ ಸರಿಯೆನಿಸದು. ಹಾಗಾದರೆ ಏಕೆ ಓಡಿಸುತ್ತಾರೆ ಎಂದು ಮಗಳು ಕೇಳಿದಳು. ಮಾವನವರು, ನಿಂತ ಎಂಜಿನ್ನು ತುಕ್ಕು ಹಿಡಿಯುತ್ತದೆ ಮಗಳೇ ಎಂದರು. ನನಗೆ ಆ ಉತ್ತರ ಸಾಲದು, ಅವಳಿಗೂ ಸಾಲಲಿಲ್ಲ. ಬೇಲಿಯ ಹಿಂದೆಯೇ ಇರುವುದು, ಕಿವಿಗೆ ಮುಚ್ಚಳ ಹಾಕುವುದು ಎಂಬ ಎರಡು ನಿಯಮಗಳಿಗೆ ಸದ್ಯ ಇಬ್ಬರೂ ಒಪ್ಪಿದ್ದಾರೆ. ಹೊಗೆಯ ಬಗ್ಗೆಯೂ ಅವಳಿಗೆ ಆಕ್ಷೇಪವಿತ್ತು. 2024ರಿಂದ ಅಲ್ಲಿಯ ಪಂದ್ಯಗಳಲ್ಲಿ ಕನಿಷ್ಠ ಶೇಕಡ 70ರಷ್ಟು ಸುಸ್ಥಿರ ಮೂಲದ ಇಂಧನವನ್ನು ಬಳಸುವ ನಿಯಮ ಬಂದಿದೆ ಎಂದ ಮೇಲೆ ಅರ್ಧ ಸಮಾಧಾನವಾಯಿತು.

ಪಂದ್ಯದ ಹೊರಗೆ, ನೋಡಲು ಬಂದವರು ತಮ್ಮ ಹಳೆಯ ಕಾರುಗಳನ್ನು ನಿಲ್ಲಿಸುವ ಬಯಲೊಂದಿದೆ. ಅದಕ್ಕೆ ಅರ್ಧ ದಿನ ಇಟ್ಟರೂ ಕಡಿಮೆಯೇ. ಅಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಂಡರೆ ನಮ್ಮವರು ಅಂಬಾಸಿಡರ್ ಎಂದು ಕೂಗಿಯೇ ಕೂಗುತ್ತಾರೆ. ತಪ್ಪಲ್ಲ, 2014ರವರೆಗೆ ನಮ್ಮಲ್ಲಿ ತಯಾರಾದ ಅಂಬಾಸಿಡರ್ ಆ ಆಕ್ಸ್‌ಫರ್ಡಿನ ಮೂರನೆಯ ಮಾದರಿಯಿಂದ ಬಂದದ್ದು. ಅಂಥ ಕಾರಿನ ಬಳಿ ನಿಂತು ಒಡೆಯನೊಂದಿಗೆ ಮಾತಾಡಲು ಮಾವನವರಿಗೆ ಇಂಗ್ಲಿಷ್ ಹೆಚ್ಚು ಬೇಕಾಗದು. ಕಾರ್ಬುರೇಟರ್, ಗ್ಯಾಸ್ಕೆಟ್, ಪಿಸ್ಟನ್ ಎಂಬ ಮಾತುಗಳು ಎರಡೂ ಕಡೆ ಒಂದೇ.

ಸೋಮವಾರವನ್ನು ಬ್ರೈಟನ್ನಿಗೆ ಮೀಸಲಿಟ್ಟಿದ್ದೇವೆ. ಅದೇ ರೈಲುಮಾರ್ಗದಲ್ಲಿ ಚಿಚೆಸ್ಟರಿನಿಂದ ಪೂರ್ವಕ್ಕೆ ಒಂದು ಗಂಟೆಯೊಳಗಿನ ದಾರಿ. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಭಾರತದ ಸೈನಿಕರಿಗೆ ಅಲ್ಲಿಯ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆಯಾಗಿ ಮಾಡಿದ್ದರು. ತೀರಿಕೊಂಡವರಲ್ಲಿ 53 ಮಂದಿ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಿನ ಮೇಲಿನ ದಿಬ್ಬದಲ್ಲಿ ದಹನ ಮಾಡಿದರು. ಆ ಜಾಗದಲ್ಲಿ ಛತ್ರಿ ಎಂಬ ಬಿಳಿಯ ಅಮೃತಶಿಲೆಯ ಮಂಟಪವಿದೆ. ಅಲ್ಲಿಗೆ ವಾಹನ ಹೋಗದು. ಹುಲ್ಲುಹಾದಿಯಲ್ಲಿ ಏರಿ ನಡೆಯಬೇಕು. ಎರಡು ದಿನದ ಸುತ್ತಾಟದ ಮೇಲೆ ಮಾವನವರ ಮೊಣಕಾಲು ಅದಕ್ಕೆ ಒಪ್ಪುವುದೋ ಇಲ್ಲವೋ ಅಂದೇ ತಿಳಿಯಬೇಕು. ಒಪ್ಪದಿದ್ದರೆ ನಾನು ಮಗಳನ್ನು ಕರೆದುಕೊಂಡು ಮೇಲೆ ಹೋಗುವುದು. ಅವರು ಪೆವಿಲಿಯನ್ನಿನ ದಕ್ಷಿಣಕ್ಕೆ, ಪಟಿಯಾಲದ ಮಹಾರಾಜರು 1921ರಲ್ಲಿ ಅನಾವರಣ ಮಾಡಿದ ಇಂಡಿಯನ್ ಗೇಟ್‌ನ ಹತ್ತಿರ ಕುಳಿತಿರುವುದು ಎಂದು ನಿಶ್ಚಯವಾಗಿದೆ.