ಸಿಪ್ಪೆಯ ಒಗರು

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಕೊತ್ತಗೆರೆಯ ಸೋದರಮಾವನ ಮನೆಯ ಹಿತ್ತಲಲ್ಲಿ ಅಡಿಕೆ ಬೇಯುತ್ತಿತ್ತು. ಜಗಲಿಯಲ್ಲಿ ಅತ್ತೆ ನೆನೆಹಾಕಿದ್ದ ಅವರೆಕಾಳು ಹಿಸುಕುತ್ತಿದ್ದರು. ಗೆಳೆಯನೊಬ್ಬ ಆಸ್ಟ್ರಿಯಾದಿಂದ ತಂದುಕೊಟ್ಟಿದ್ದ ಬಾಟಲಿಯನ್ನು ಮಾವನ ಮುಂದಿಟ್ಟೆ. ಹೊಂಬಣ್ಣಕ್ಕೆ ಒಂದಿಷ್ಟು ತಾಮ್ರ ಬೆರೆಸಿದಂಥ ಬಣ್ಣ.

"ಕಿತ್ತಳೆ ಹಣ್ಣಿಂದೇನ್ಲಾ?"

"ಅಲ್ಲ ಮಾವ, ಬಿಳಿ ದ್ರಾಕ್ಷಿದು. ಬಣ್ಣ ನೋಡಿ ಕಿತ್ತಳೆ ವೈನು ಅಂತಾರೆ."

2004ರಲ್ಲಿ ಡೇವಿಡ್ ಹಾರ್ವೆ ಎಂಬ ಬ್ರಿಟನ್ನಿನ ವೈನ್ ವ್ಯಾಪಾರಿ ಇಟ್ಟ ಹೆಸರದು. ಹೆಸರು ಹೊಸದು, ಕೆಲಸ ಬಹಳ ಹಳೆಯದು. ಅದನ್ನು ವಿವರಿಸಲು ಅತ್ತೆಯ ಕೈಗಳೇ ಸಾಕಾದವು. ಸಾಮಾನ್ಯ ಬಿಳಿ ವೈನು ಹಿಸುಕಿದ ಬೇಳೆಯ ಹಾಗೆ: ದ್ರಾಕ್ಷಿಯನ್ನು ಹಿಂಡಿ, ಸಿಪ್ಪೆ ಬೀಜ ತೆಗೆದು, ಬರೀ ರಸವನ್ನು ಹುಳಿಸುತ್ತಾರೆ. ಕಿತ್ತಳೆ ವೈನು ಸಿಪ್ಪೆ ಸಮೇತ ಬೇಯಿಸಿದ ಅವರೆಕಾಳು. ರಸ ಹುಳಿಯುವಾಗ ಸಿಪ್ಪೆ, ಬೀಜ ಅದರಲ್ಲೇ ಇರುತ್ತವೆ. ಬಣ್ಣವನ್ನೂ ಒಗರನ್ನೂ ಬಿಟ್ಟುಕೊಡುತ್ತವೆ. ಕೆಂಪು ವೈನಿನ ವಿಧಾನವೇ, ದ್ರಾಕ್ಷಿ ಮಾತ್ರ ಬಿಳಿಯದು.

ಜಾರ್ಜಿಯಾ ದೇಶದಲ್ಲಿ ಇದಕ್ಕೆ ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಗುಡಾಣಗಳಿವೆ. ಒಳಗೆ ಜೇನುಮೇಣ ಸವರಿ, ಕುತ್ತಿಗೆಯವರೆಗೆ ನೆಲದಲ್ಲಿ ಹೂತಿರುತ್ತಾರೆ. 2013ರಲ್ಲಿ ಯುನೆಸ್ಕೊ ಈ ವಿಧಾನವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಲಿಯ ವೈನ್ ತಯಾರಕ ಯೋಷ್ಕೊ ಗ್ರಾವ್ನರ್ ಆಧುನಿಕ ಸಲಕರಣೆ ಬಿಟ್ಟು 2001ರಿಂದ ಇಂಥ ಗುಡಾಣಗಳಿಗೇ ಮರಳಿದರು. ಜಾರ್ಜಿಯಾದ ಕಾಖೇಟಿಯಲ್ಲಿ ಐದಾರು ತಿಂಗಳು ಸಿಪ್ಪೆ ರಸದಲ್ಲೇ ಇರುತ್ತದೆ. ಮೊದಲ ಸಲ ಕುಡಿಯುವವರಿಗೆ ಅದು ಬಿರುಸು. ನಾಲ್ಕು ದಿನದಿಂದ ಎರಡು ವಾರದೊಳಗೆ ಸಿಪ್ಪೆ ಬೇರ್ಪಡಿಸಿದ್ದೇ ಶುರುಮಾಡಲು ಸರಿ. ನಾನು ತಂದದ್ದು ಹತ್ತು ದಿನದ್ದು.

ಬಾಟಲಿಯ ಮೇಲಿದ್ದ ಡಿಮೀಟರ್ ಮುದ್ರೆಯ ಕಥೆ ಮಾವನಿಗೆ ಇನ್ನೂ ಹಿಡಿಸಿತು. 1924ರಲ್ಲಿ ರುಡಾಲ್ಫ್ ಸ್ಟೈನರ್ ಕೊಟ್ಟ ಉಪನ್ಯಾಸಗಳಿಂದ ಹುಟ್ಟಿದ ಬಯೋಡೈನಮಿಕ್ ಬೇಸಾಯದ ಗುರುತು ಅದು. ಹಸುವಿನ ಕೊಂಬಿಗೆ ಸಗಣಿ ತುಂಬಿ, ಚಳಿಗಾಲವಿಡೀ ನೆಲದಲ್ಲಿ ಹೂತು, ಆಮೇಲೆ ಚಿಟಿಕೆಯಷ್ಟನ್ನು ನೀರಿಗೆ ಹಾಕಿ ಒಂದು ಗಂಟೆ ಎಡಕ್ಕೂ ಬಲಕ್ಕೂ ಕದಡಿ ಹೊಲಕ್ಕೆ ಚಿಮುಕಿಸುತ್ತಾರೆ. ಚಂದ್ರ ಯಾವ ರಾಶಿಯಲ್ಲಿದ್ದಾನೆಂದು ನೋಡಿ ಬಿತ್ತುವವರೂ ಇದ್ದಾರೆ. ರೋಹಿಣಿ, ಮೃಗಶಿರಾ ಎಂದು ಸೂರ್ಯನ ನಕ್ಷತ್ರ ಹಿಡಿದು ಮಳೆ ಎಣಿಸುವ ಮಾವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಕೊಂಬಿನ ಮಹಿಮೆಯನ್ನು ವಿಜ್ಞಾನ ಒಪ್ಪಿಲ್ಲ, ನಾನೂ ಅದಕ್ಕೆ ಜಾಮೀನು ನಿಲ್ಲಲಾರೆ. ಆದರೆ ರಾಸಾಯನಿಕ ಗೊಬ್ಬರವಿಲ್ಲದೆ, ದನ, ಹೊಲ, ಬಳ್ಳಿಗಳನ್ನು ಒಂದೇ ಸಂಸಾರದ ಹಾಗೆ ನೋಡುವ ಬೇಸಾಯದ ಮೇಲೆ ನನಗೆ ಪ್ರೀತಿಯಿದೆ.

ಬಾಟಲಿಯನ್ನು ಸ್ವಲ್ಪ ಹೊತ್ತು ಮಾತ್ರ ತಣ್ಣೀರಿನಲ್ಲಿ ಇಟ್ಟಿದ್ದೆ. ತೀರಾ ತಣ್ಣಗಾದರೆ ಒಗರು ನಾಲಗೆಗೆ ಒರಟಾಗುತ್ತದೆ, ಪರಿಮಳ ಮುದುಡುತ್ತದೆ. ಹುರಿದು ಸುಲಿದ ಕಡಲೆಕಾಯಿ ಪಕ್ಕದಲ್ಲಿತ್ತು. ಮಾವ ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, ಹಿತ್ತಲ ಕಡೆ ತಿರುಗಿದರು.

"ಲೇ, ಇದು ಅಡಿಕೆ ಚೊಗರಿನಂಗೇ ಐತಲ್ಲೋ!"

ನಗರದ ಗೆಳೆಯರಿಗೆ ಈ ವೈನನ್ನು ಪರಿಚಯಿಸುವಾಗ ಎಷ್ಟು ಮಾತು ಖರ್ಚು ಮಾಡಿದ್ದೆ! ಒಣಗಿದ ಏಪ್ರಿಕಾಟ್ ಅಂದಿದ್ದೆ, ಕಪ್ಪು ಚಹಾ ಅಂದಿದ್ದೆ. ಮಾವ ಒಂದೇ ಮಾತಿನಲ್ಲಿ ಅದರ ತಿರುಳು ಹಿಡಿದರು. ಅಡಿಕೆ ಬೆಂದ ನೀರಿಗೆ ಬಿಟ್ಟುಕೊಡುವುದೂ ದ್ರಾಕ್ಷಿ ಸಿಪ್ಪೆ ರಸಕ್ಕೆ ಬಿಟ್ಟುಕೊಡುವುದೂ ಟ್ಯಾನಿನ್ನನ್ನೇ. ನೇರಳೆ, ನೆಲ್ಲಿ, ಎಳೆ ಸೀಬೆ ತಿಂದು ಬೆಳೆದವರ ನಾಲಗೆಗೆ ಒಗರು ಎಂದರೆ ಆರು ರುಚಿಗಳಲ್ಲೊಂದು, ಊಟಕ್ಕೆ ಬೇಕಾದದ್ದು. ಸಿಹಿ ಬಿಳಿ ವೈನಿಗೆ ಒಗ್ಗಿಹೋದವರಿಗಿಂತ ನಮ್ಮ ಕಡೆಯವರಿಗೇ ಇದು ಬೇಗ ಹತ್ತಿರವಾದೀತು.

ಅತ್ತೆ ಬೇಡವೆಂದರು, ಮೂಸಿ ಮಾತ್ರ ನೋಡಿ ಲೋಟ ವಾಪಸು ಕೊಟ್ಟರು. ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರಿನ ಜೊತೆ ಉಳಿದದ್ದನ್ನು ಕುಡಿದೆವು. ತಳದಲ್ಲಿ ಎರಡು ಬೆರಳು ಮಂದವಾಗಿ ಉಳಿದಿತ್ತು.

"ಗಷ್ಟು ಕುಂತೈತೆ."

"ಸೋಸಿಲ್ಲ ಮಾವ, ಹಂಗೇ ತುಂಬಿರ್ತಾರೆ."

ಮಾವ ಬಾಟಲಿಯನ್ನು ಮೆಲ್ಲಗೆ ಕುಲುಕಿ, ಅರ್ಧ ನನ್ನ ಲೋಟಕ್ಕೆ, ಅರ್ಧ ತಮ್ಮ ಲೋಟಕ್ಕೆ ಬಗ್ಗಿಸಿದರು.