ಪಾಲುದಾರ ಬೇಕೇ? ಲೆಕ್ಕ ಕೇಳಿ ನೋಡಿ!

ಜೋಡಿ ಅಂದರೆ ದೊರೈ-ಭಗವಾನ್ ಕಣ್ರೀ! 1968ರ ‘ಜೇಡರ ಬಲೆ’, 1971ರ ‘ಕಸ್ತೂರಿ ನಿವಾಸ’ ಕೊಟ್ಟವರು. ದೊರೈ ಕ್ಯಾಮೆರಾದಿಂದ ಬಂದವರು, ಭಗವಾನ್ ಸಹಾಯಕ ನಿರ್ದೇಶಕರಾಗಿದ್ದವರು. ಒಬ್ಬರಿಗೆ ಬರದ್ದು ಇನ್ನೊಬ್ಬರಿಗೆ ಬರುತ್ತಿತ್ತು.

ಪಿಯುಸಿ ಬಿಟ್ಟ ನನಗೆ ಬರೋದು ಬರವಣಿಗೆ ಒಂದೇ. ಮದುವೆ ವಿಡಿಯೋ ಸ್ಟುಡಿಯೋ ತೆರೆಯೋಣ ಅಂತ ಇಬ್ಬರು ಕರೆದರು. ಒಬ್ಬ ಫಸ್ಟ್ ಷೋ ಜೊತೆಗಾರ. ಪ್ರಾಣ ಕೊಡ್ತಾನೆ, ಲೆಕ್ಕ ಕೇಳಿದ್ರೆ ಮುನಿಸಿಕೊಳ್ತಾನೆ. ಇನ್ನೊಬ್ಬ ಟೀ ದುಡ್ಡನ್ನೂ ಬರೆದಿಡೋ ಕ್ಯಾಮೆರಾಮನ್. ಇವನನ್ನೇ ಆರಿಸಿಕೊಂಡೆ. ಅವನು ಮಾತು ಬಿಟ್ಟ, ಹೊಟ್ಟೆ ಉರಿಯುತ್ತೆ. ಆದರೇನು? 1932ರ ಪಾಲುದಾರಿಕೆ ಕಾಯ್ದೆಯಂತೆ, ಬೇರೆ ಕರಾರಿಲ್ಲದಿದ್ದರೆ ನಷ್ಟವೂ ಸಮಪಾಲು; ವ್ಯಾಪಾರಕ್ಕೆಂದು ಒಬ್ಬ ಮಾಡಿದ ಸಾಲವನ್ನು ಇನ್ನೊಬ್ಬನಿಂದ ಪೂರ್ತಿ ವಸೂಲು ಮಾಡಬಹುದು!

ಸ್ನೇಹಕ್ಕೆ ಮನಸ್ಸು ಸಾಕು ಗುರು, ಪಾಲಿಗೆ ಕರಾರುಪತ್ರ ಬೇಕು.